'ನಮ್ಮ ಸಾಹೇಬ್ರು ಒಂಥರಾ ಮನುಷ್ಯ...'

ನಿಮ್ಮ ಮಗಳೋ, ಸೊಸೆಯೋ, ತಂಗಿಯೋ ನಗುನಗುತ್ತಾ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದವಳು ಈಗೀಗ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಎನ್ನುತ್ತಾಳೆ. ರಾತ್ರಿ ಫೋನು ಬಡಿದುಕೊಂಡರೆ ಬೆಚ್ಚುತ್ತಾಳೆ. 'ಏನಾತವ್ವಾ?' ಎಂದರೆ, 'ಏನಿಲ್ಲ ಬಿಡಮ್ಮ, ನಮ್ಮ ಸಾಹೇಬ್ರು ಒಂಥರಾ ಮನುಷ್ಯ' ಎಂದು ಮುಖ ತಿರುಗಿಸುತ್ತಾಳೆ. ಸೋದರಿಯರೇ, ಆ 'ಒಂಥರಾ' ಎಂಬ ಮಾತು ಒಗ್ಗರಣೆಯ ಸದ್ದಿನಲ್ಲಿ ಕಳೆದುಹೋಗಲು ಬಿಡಬೇಡಿ. ಒಲೆ ಆರಿಸಿ, ಪಕ್ಕದಲ್ಲಿ ಕೂತು ಕೇಳಿ.

ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳು ದುಡಿಯುವ ಜಾಗ ಒಂದೆರಡಲ್ಲ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳು, ಸಿರುಗುಪ್ಪದ ಅಕ್ಕಿ ಗಿರಣಿಗಳು, ಕುರುಗೋಡಿನ ಅಂಗಡಿ, ಶಾಲೆ, ಅಂಗನವಾಡಿ, ಇನ್ನು ಊರೂರಿನ ಬ್ಯಾಂಕು, ಆಸ್ಪತ್ರೆ. ಎಲ್ಲೆಡೆಯೂ ಮೇಲೊಬ್ಬ ಸಾಹೇಬರು, ಸಾವ್ಕಾರರು, ಇಲ್ಲವೇ ಸೂಪರ್‌ವೈಸರ್ ಇದ್ದೇ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡು ಹೋಗುವವರೇ ಅನ್ನಿ.

ವಿಚಿತ್ರ ನಡತೆಯೆಲ್ಲಾ ಒಂದೇ ಅಲ್ಲ. ಸಿಡುಕುವ ಸಾಹೇಬರಿರುತ್ತಾರೆ, ಒಂದೇ ಕಾಗದವನ್ನು ಮೂರು ಸಲ ಬರೆಸುವವರಿರುತ್ತಾರೆ. ಅವರು ಗಂಡಸರನ್ನೂ ಹಾಗೆಯೇ ಬೈಯುತ್ತಾರೆ. ಅದು ಕಿರಿಕಿರಿ, ಸಹಿಸಬಹುದು. ಆದರೆ ಎಲ್ಲರೂ ಮನೆಗೆ ಹೊರಟ ಮೇಲೆ ಇವಳೊಬ್ಬಳನ್ನೇ ಲೆಕ್ಕದ ನೆಪದಲ್ಲಿ ನಿಲ್ಲಿಸಿಕೊಳ್ಳುವುದು, ಸೀರೆ-ಮೈಕಟ್ಟಿನ ಬಗ್ಗೆ ಮಾತಾಡುವುದು, ಫೈಲು ಕೊಡುವಾಗ ಕೈ ತಾಗಿಸುವುದು, ರಾತ್ರಿ ಹತ್ತಕ್ಕೆ 'ಊಟ ಆಯ್ತಾ?' ಎಂದು ಮೆಸೇಜು ಕಳಿಸುವುದು, 'ನಾನು ಹೇಳಿದಂಗೆ ಕೇಳಿದ್ರೆ ನಿನ್ನ ಕೆಲಸ ಕಾಯಂ' ಎನ್ನುವುದು, ಇದು ಬೇರೆಯೇ ಜಾತಿಯದು. ಬೇಡವೆನಿಸುವ ಲೈಂಗಿಕ ಮಾತು, ಸ್ಪರ್ಶ, ಸನ್ನೆ, ಚಿತ್ರ ತೋರಿಸುವುದು, ಬೇಡಿಕೆ ಇಡುವುದು ಇವೆಲ್ಲವನ್ನೂ 2013ರ ಕಾಯಿದೆ ಲೈಂಗಿಕ ಕಿರುಕುಳ ಎಂದೇ ಕರೆಯುತ್ತದೆ.

ಈ ಕಾಯಿದೆ ಸುಮ್ಮನೆ ಬಂದದ್ದಲ್ಲ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭಂವರಿ ದೇವಿ ಎಂಬ ಹೆಣ್ಣುಮಗಳು ಸರ್ಕಾರದ ಮಹಿಳಾ ಕಾರ್ಯಕ್ರಮದಲ್ಲಿ ದುಡಿಯುತ್ತಿದ್ದಳು, ನಮ್ಮ ಅಂಗನವಾಡಿ ಅಕ್ಕಂದಿರ ಹಾಗೆ ಮನೆಮನೆಗೆ ಹೋಗುವ ಕೆಲಸ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಳಗಿನ ಕೋರ್ಟು 1995ರಲ್ಲಿ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಆದರೆ ಅವಳ ಸಂಕಟ ಕಂಡು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ದುಡಿಯುವ ಹೆಣ್ಣಿನ ರಕ್ಷಣೆ ಮಾಲೀಕನ ಹೊಣೆ ಎಂದು ಆ ಕೋರ್ಟು 1997ರಲ್ಲಿ 'ವಿಶಾಖಾ' ತೀರ್ಪು ಕೊಟ್ಟಿತು. ಅದೇ ಮುಂದೆ ಕಾಯಿದೆಯಾಯಿತು.

ದೊಡ್ಡ ಹುದ್ದೆಯ ಹೆಂಗಸರಿಗೆ ಈ ಕಾಟ ಇರಲಾರದು ಎಂದುಕೊಳ್ಳಬೇಡಿ. ಐಎಎಸ್ ಅಧಿಕಾರಿ ರೂಪನ್ ದೇವಲ್ ಬಜಾಜ್ ಅವರೊಂದಿಗೆ 1988ರಲ್ಲಿ ಚಂಡೀಗಢದ ಔತಣಕೂಟವೊಂದರಲ್ಲಿ ಅಸಭ್ಯವಾಗಿ ವರ್ತಿಸಿದವರು ಪಂಜಾಬಿನ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್. ಆಕೆ ಬಿಡಲಿಲ್ಲ. 1996ರಲ್ಲಿ ಅವರು ತಪ್ಪಿತಸ್ಥರೆಂದು ತೀರ್ಪಾಯಿತು, 2005ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹದಿನೇಳು ವರ್ಷ! ಐಎಎಸ್ ಅಧಿಕಾರಿಗೇ ಇಷ್ಟು ಕಾಲ ಹಿಡಿದಿದ್ದರೆ, ಗಿರಣಿಯಲ್ಲಿ ಲೆಕ್ಕ ಬರೆಯುವ ಹುಡುಗಿಯ ಭಯ ನಮಗೆ ಅರ್ಥವಾಗಬೇಕು.

ಈಗ ಮನೆಯ ಮಾತಿಗೆ ಬರೋಣ. ಇಂಥ ವಿಷಯ ಕಿವಿಗೆ ಬಿದ್ದ ಕೂಡಲೇ ನಮ್ಮ ಬಾಯಿಂದ ಬರುವ ಮೊದಲ ಮಾತು 'ಕೆಲಸ ಬಿಟ್ಟುಬಿಡು'. ತಪ್ಪು ಮಾಡಿದವನು ಕುರ್ಚಿಯಲ್ಲೇ ಇರುತ್ತಾನೆ, ಸಂಬಳ ಕಳೆದುಕೊಂಡವಳು ಇವಳು. ಎರಡನೆಯದು 'ನೀನೇ ಸಲಿಗೆ ಕೊಟ್ಟಿರಬೇಕು'. ಈ ಮಾತು ಕೇಳಿದ ಹುಡುಗಿ ಮತ್ತೊಮ್ಮೆ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ. ಮೂರನೆಯದು ಗಂಡಸರದು: ಅಣ್ಣತಮ್ಮಂದಿರು ಹೋಗಿ ಎರಡು ಬಾರಿಸಿ ಬರುತ್ತಾರೆ, ಮರುದಿನ ಪೊಲೀಸ್ ಕೇಸು ಇವರ ಮೇಲೆಯೇ!

ಹುಡುಗಿಗೆ ಧೈರ್ಯವಿದ್ದರೆ ನಾಲ್ಕು ಜನರ ಎದುರಿಗೇ 'ಸಾರ್, ಇಂಥ ಮಾತು ನನಗೆ ಸರಿಬರೋದಿಲ್ಲ' ಎಂದುಬಿಡಲಿ. ನಗುತ್ತಾ ಹೇಳಬಾರದು. ಸಾಲದ ಕಂತು ತಲೆಯ ಮೇಲಿರುವವಳಿಗೆ ಅಷ್ಟು ಬಾಯಿ ಬರುವುದಿಲ್ಲ, ಅದೂ ನಿಜ. ಸುಮ್ಮನಿದ್ದಳು ಎಂದ ಮಾತ್ರಕ್ಕೆ ಒಪ್ಪಿದಳು ಎಂದಾಗುವುದಿಲ್ಲ. ಅವಳು ಮಾಡಬೇಕಾದದ್ದು ಬರೆದಿಡುವುದು. ಹಾಲಿನ ಲೆಕ್ಕದ ಪುಸ್ತಕವಾದರೂ ಸರಿ: ತಾರೀಖು, ಹೊತ್ತು, ಜಾಗ, ಅವನಾಡಿದ ಮಾತು ಇದ್ದದ್ದು ಇದ್ದಂತೆ, ಹತ್ತಿರ ಯಾರಿದ್ದರು. ಮೆಸೇಜುಗಳನ್ನು ಅಸಹ್ಯವೆಂದು ಅಳಿಸಬಾರದು. ಜೊತೆಯಲ್ಲಿ ದುಡಿಯುವ ಒಬ್ಬ ಅಕ್ಕನಿಗಾದರೂ ಹೇಳಿರಬೇಕು. ನಾಳೆ ಸಾಕ್ಷಿಗೆ ಅವಳೇ ಆಧಾರ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಾಲೀಕರು ಆಂತರಿಕ ಸಮಿತಿ ಮಾಡಲೇಬೇಕು. ಅಧ್ಯಕ್ಷೆ ಹೆಂಗಸೇ ಆಗಿರಬೇಕು, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರೂ ಹೆಂಗಸರೇ. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡವಿದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಚಿಕ್ಕ ಘಟಕವಾದರೆ, ಮನೆಗೆಲಸದವಳಾದರೆ, ಅಥವಾ ಕಿರುಕುಳ ಕೊಟ್ಟವನೇ ಮಾಲೀಕನಾದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅದಕ್ಕಾಗಿ ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಳ್ಳಾರಿಗೆ ಬಸ್ಸು ಹತ್ತಲೇಬೇಕೆಂದಿಲ್ಲ. ಪ್ರತಿ ತಾಲ್ಲೂಕಿಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಕಾಯಿದೆ ಹೇಳುತ್ತದೆ. ಅವರು ದೂರು ತೆಗೆದುಕೊಂಡು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು. ಮಾಲೀಕರು ಕೊಟ್ಟ ಗಾಡಿಯಲ್ಲಿ ಹೋಗುವಾಗ ನಡೆದದ್ದೂ ಕೆಲಸದ ಜಾಗದಲ್ಲಿ ನಡೆದದ್ದೆಂದೇ ಲೆಕ್ಕ.

ಆದರೆ ತಡ ಮಾಡಬೇಡಿ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಷ್ಟರವರೆಗೆ ದಿನಾ ಅವನ ಮುಖ ನೋಡುವುದು ಹೇಗೆ ಎಂದು ಚಿಂತೆಯೇ? ಬೇರೆ ಕಡೆಗೆ ವರ್ಗ ಅಥವಾ ಮೂರು ತಿಂಗಳವರೆಗೆ ರಜೆ ಲಿಖಿತವಾಗಿ ಕೇಳಬಹುದು. ಆ ರಜೆ ಅವಳ ಮಾಮೂಲಿ ರಜೆಯಲ್ಲಿ ಕಡಿತವಾಗುವುದಿಲ್ಲ. ಅವಳ ಹೆಸರನ್ನು ಬಹಿರಂಗ ಮಾಡುವಂತೆಯೂ ಇಲ್ಲ.

ನಮ್ಮ ಕಡೆ ಇನ್ನೊಂದು ನಡೆಯುತ್ತದೆ. ದೂರು ಕೊಟ್ಟ ಸುದ್ದಿ ಹಬ್ಬಿದ ಸಂಜೆಗೇ ಹಿರಿಯರು ನಾಲ್ಕು ಜನ ಮನೆಗೆ ಬಂದು ಚಹಾ ಕುಡಿದು, 'ಹೆಣ್ಣುಮಗು ಹೆಸರು ಕೆಡ್ತದ, ಏನೋ ಒಂದಿಷ್ಟು ಕೊಡಿಸ್ತೀವಿ, ಮುಗಿಸಿಬಿಡ್ರಿ' ಎನ್ನುತ್ತಾರೆ. ರಾಜಿಗೆ ಕಾಯಿದೆಯಲ್ಲಿ ದಾರಿಯಿದೆ, ಆದರೆ ಹುಡುಗಿ ತಾನಾಗಿ ಕೇಳಿದರೆ ಮಾತ್ರ, ಸಮಿತಿಯ ಮೂಲಕವೇ, ದುಡ್ಡಿನ ಮೇಲೆ ರಾಜಿ ಆಗುವಂತಿಲ್ಲ. ಬಂದವರಿಗೆ ಚಹಾ ಕೊಡಿ, ಇದನ್ನೂ ಹೇಳಿ ಕಳಿಸಿ. 'ಸುಳ್ಳು ದೂರಾದರೆ ನಿಮಗೇ ಶಿಕ್ಷೆ' ಎಂದು ಹೆದರಿಸಿದರೂ ಬೆದರಬೇಡಿ. ದೂರನ್ನು ಸಾಬೀತು ಮಾಡಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಕ್ರಮ ಕೈಗೊಳ್ಳುವಂತಿಲ್ಲ.

ಮೈಮೇಲೆ ಕೈ ಹಾಕಿದ್ದರೆ, ಬೆದರಿಸಿದ್ದರೆ ನೇರವಾಗಿ ಪೊಲೀಸರ ಬಳಿ ಹೋಗಬಹುದು. ತುರ್ತಿಗೆ 112, ಸಲಹೆಗೆ ಮಹಿಳಾ ಸಹಾಯವಾಣಿ 181. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮು ಇದಕ್ಕೆಂದೇ ಇದೆ.

ಬರೆಯಲು ಬಾರದವಳಿಗೆ ದೂರು ಬರೆದುಕೊಳ್ಳಲು ಸಮಿತಿಯೇ ನೆರವಾಗಬೇಕು. ದೂರಿನ ಆರು ಪ್ರತಿಗಳನ್ನು ಕೊಡಬೇಕು, ಜೊತೆಗೆ ದಾಖಲೆ ಮತ್ತು ಸಾಕ್ಷಿಗಳ ಹೆಸರು. ನೀವು ಏಳನೆಯದನ್ನೂ ಮಾಡಿಸಿ. ಅದರ ಮೇಲೆ ತಾರೀಖು, ಸಹಿ, ಮೊಹರು ಹಾಕಿಸಿಕೊಂಡು ಮನೆಯಲ್ಲಿ ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.