ಋಷಭದ ಮೇಲೊಂದು ಸ್ವರಮೇಳ

ಶ್ರೇಣಿಯಲ್ಲಿ ಒಂದು ಬಿಟ್ಟು ಒಂದರಂತೆ ಆರಿಸಿದ ಮೂರು ಸ್ವರಗಳನ್ನು ಏಕಕಾಲದಲ್ಲಿ ನುಡಿಸಿದರೆ ಹುಟ್ಟುವ ನಾದಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ‘ಕಾರ್ಡ್’ ಎಂದು ಹೆಸರು; ನಾವದನ್ನು ಸ್ವರಮೇಳವೆನ್ನೋಣ. ಅವರ ಮೇಜರ್ ಶ್ರೇಣಿ ನಮ್ಮ ಶಂಕರಾಭರಣವನ್ನು ಹೋಲುತ್ತದೆ. ಅದರ ಪ್ರತಿಯೊಂದು ಸ್ವರದ ಮೇಲೂ ಇಂಪಾದ ಮೇಳವನ್ನು ಕಟ್ಟಲು ಸಾಧ್ಯವೇ?

ಸಹಜ ಶ್ರುತಿಯಲ್ಲಿ ಸ, ರಿ, ಗ, ಮ, ಪ, ಧ, ನಿಗಳ ಕಂಪನಸಂಖ್ಯೆಗಳು 24, 27, 30, 32, 36, 40, 45ರ ಪ್ರಮಾಣದಲ್ಲಿರುತ್ತವೆ. ಮೇಲಿನ ಸ್ಥಾಯಿಯಲ್ಲಿ ಇವು ಇಮ್ಮಡಿಸುತ್ತವೆ. ಸ-ಗ-ಪ ಮೇಳವು 24:30:36, ಅಂದರೆ 4:5:6. ಮಧ್ಯಮ, ಪಂಚಮಗಳ ಮೇಲೆ ಕಟ್ಟಿದವೂ ಹಾಗೆಯೇ. ಗಾಂಧಾರ, ಧೈವತಗಳ ಮೇಲಿನವು 10:12:15. ಕೊಂಚ ವಿಷಾದದ ಛಾಯೆಯುಳ್ಳವಾದರೂ ಇಂಪಾದವು. ನಿಷಾದದ ಮೇಳದ ಹರವು ಪಂಚಮಕ್ಕಿಂತ ಕಿರಿದು. ಅದರ ಕಾರ್ಕಶ್ಯ ನಿರೀಕ್ಷಿತವೇ. ನಮ್ಮನ್ನು ವಂಚಿಸುವುದು ರಿ-ಮ-ಧ. 27ಕ್ಕೆ ಸರಿಯಾದ ಪಂಚಮ 40.5, ನಮ್ಮಲ್ಲಿರುವುದು 40. ಧೈವತವನ್ನು ಅಷ್ಟು ಏರಿಸೋಣವೆಂದರೆ ಮ-ಧ-ಸ ಕೆಡುತ್ತದೆ!

ಪಿಯಾನೋ ಈ ಕೊರತೆಯನ್ನು ಎಲ್ಲ ಸ್ವರಗಳಿಗೂ ಹಂಚಿಬಿಟ್ಟಿದೆ. ಅದರ ಸ್ಥಾಯಿಯಲ್ಲಿ 12 ಸಮಾನ ಮೆಟ್ಟಿಲುಗಳು. ಪ್ರತಿಯೊಂದೂ ಹಿಂದಿನದರ ಸುಮಾರು 1.0595 ಪಟ್ಟು. ಅಲ್ಲಿ ಪಂಚಮವು 1.5ರ ಬದಲು 1.4983, ಗಾಂಧಾರವು 1.25ರ ಬದಲು 1.2599. ಋಷಭದ ಮೇಳ ಬದುಕಿತು. ಆದರೆ ಷಡ್ಜದ ಮೇಳ ತನ್ನ ಪರಿಶುದ್ಧತೆಯನ್ನು ತೆತ್ತಿತು. ಹೀಗೆ ಶ್ರುತಿಗೊಳಿಸಿದ ಹಾರ್ಮೋನಿಯಂನಲ್ಲಿ ಸ-ಗಗಳನ್ನು ಒಟ್ಟಿಗೆ ಒತ್ತಿ ಕಿವಿಗೊಟ್ಟರೆ ನಾದವು ಬೇಗಬೇಗನೆ ಏರಿಳಿಯುವುದು ಕೇಳಿಸುತ್ತದೆ. ಆ ಬೆಲೆ ಅದೇ.