ಓಲೆಗರಿಯ ಎಣ್ಣೆಯೂ ಕ್ರೊಮಟೋಗ್ರಫಿಯೂ

ಕಂಠದಿಂದ ಕೊರೆದ ಓಲೆಯ ಮೇಲೆ ಎಣ್ಣೆ ಬೆರೆಸಿದ ಮಸಿಯನ್ನು ತೊಡೆದು ಒರೆಸಿದಾಗ ಅಕ್ಷರಗಳು ಕಪ್ಪಾಗಿ ಎದ್ದು ಕಾಣುತ್ತವೆ. ಗರಿಯು ಒಣಗಿ ಮುರಿಯದಿರಲೆಂದು ಮುಂದೆಯೂ ಆಗಾಗ ಎಣ್ಣೆ ಸವರುವುದುಂಟು. ಹೀಗಾಗಿ ಒಂದೇ ಗರಿಯಲ್ಲಿ ಹಲವು ಕಾಲದ ಎಣ್ಣೆಗಳು ಸೇರಿರಬಹುದು. ಕನ್ನಡದಲ್ಲಿ ಇವೆಲ್ಲಕ್ಕೂ ‘ಎಣ್ಣೆ’ ಎಂಬುದೊಂದೇ ಹೆಸರು. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಇವು ಭಿನ್ನ ದ್ರವ್ಯಗಳು. ನಿಂಬೆಹುಲ್ಲಿನ ಎಣ್ಣೆಯು ಆವಿಯಾಗಿ ಹೋಗುವ ಸುಗಂಧತೈಲ. ಅದರ ಪ್ರಧಾನಾಂಶ ಸಿಟ್ರಾಲ್. ಎಳ್ಳು, ಹರಳು, ಕೊಬ್ಬರಿ, ಅಗಸೆಗಳ ಎಣ್ಣೆಗಳಾದರೋ ಲಿಪಿಡ್ ವರ್ಗಕ್ಕೆ ಸೇರಿದವು. ಇವುಗಳಲ್ಲಿಯೂ ಅಗಸೆಯೆಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ; ಗರಿಗಳನ್ನು ಒಂದಕ್ಕೊಂದು ಅಂಟಿಸಬಲ್ಲದು. ಹರಳೆಣ್ಣೆಯು ಹಾಗೆ ಒಣಗುವುದಿಲ್ಲ. ಹಳೆಯ ಗರಿಯನ್ನು ಶುದ್ಧಗೊಳಿಸಲು ಹೊರಟವರಿಗೆ ಈ ಭೇದವು ಮೊದಲೇ ತಿಳಿದಿರಬೇಕು.

ಭೇದವನ್ನು ತಿಳಿಯುವ ಸಾಧನವೇ ಕ್ರೊಮಟೋಗ್ರಫಿ. ರಷ್ಯದ ಸಸ್ಯಶಾಸ್ತ್ರಜ್ಞ ಟ್ಸ್ವೆಟ್ ಎಂಬವರು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ನಳಿಗೆಯಲ್ಲಿ ಎಲೆಯ ಸಾರವನ್ನು ಇಳಿಸಿ, ಹಸಿರು ಹಳದಿ ಪಟ್ಟಿಗಳು ಬೇರ್ಪಡುವುದನ್ನು ಕಂಡರು. 1906ರಲ್ಲಿ ಈ ವಿಧಾನಕ್ಕೆ ‘ವರ್ಣಲೇಖನ’ವೆಂಬ ಅರ್ಥದ ಹೆಸರನ್ನಿತ್ತರು. ಲಿಪಿಡ್‌ಗಳಿಗೆ ಬಹುಮಟ್ಟಿಗೆ ಬಣ್ಣವೇ ಇಲ್ಲವಾದ್ದರಿಂದ ಇಲ್ಲಿ ಹೆಸರು ಅಷ್ಟಾಗಿ ಒಪ್ಪದು. ಆದರೂ ಅದೇ ನಿಂತಿದೆ.

ತೆಳುಪದರ ಕ್ರೊಮಟೋಗ್ರಫಿಯಲ್ಲಿ ಗಾಜಿನ ಫಲಕದ ಮೇಲೆ ಸಿಲಿಕಾ ಜೆಲ್ಲನ್ನು ತೆಳುವಾಗಿ ಲೇಪಿಸಿರುತ್ತಾರೆ. ಕ್ಲೋರೋಫಾರಂ ಎರಡು ಪಾಲು, ಮೆಥನಾಲ್ ಒಂದು ಪಾಲು ಬೆರೆಸಿದ ದ್ರಾವಕದಲ್ಲಿ ಲಿಪಿಡ್‌ಗಳನ್ನು ಮಾದರಿಯಿಂದ ಹೊರತೆಗೆದು, ಆ ಸಾರದ ಚುಕ್ಕೆಯೊಂದನ್ನು ಫಲಕದ ಬುಡದಲ್ಲಿಡುತ್ತಾರೆ. ಪಕ್ಕದಲ್ಲಿ ತಿಳಿದ ಲಿಪಿಡ್‌ಗಳ ಚುಕ್ಕೆಗಳಿರಬೇಕು. ಬಳಿಕ ಹೆಕ್ಸೇನ್, ಈಥರ್ ಮತ್ತು ತುಸು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಫಲಕವನ್ನು ನಿಲ್ಲಿಸಿದರೆ ದ್ರವವು ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರುತ್ತದೆ. ಸಿಲಿಕಾಕ್ಕೆ ಬಲವಾಗಿ ಅಂಟುವ ಫಾಸ್ಫೊಲಿಪಿಡ್‌ಗಳು ಬುಡದಲ್ಲಿಯೇ ಉಳಿಯುತ್ತವೆ. ಅವುಗಳ ಮೇಲೆ ಸ್ಟೆರಾಲ್‌ಗಳು, ಬಿಡಿ ಮೇದಾಮ್ಲಗಳು, ಟ್ರೈಗ್ಲಿಸರೈಡ್‌ಗಳು. ತುದಿಯ ಸಮೀಪದಲ್ಲಿ ಮೇಣಗಳು. ಹರಳೆಣ್ಣೆಯ ಟ್ರೈಗ್ಲಿಸರೈಡ್ ಮಾತ್ರ ತನ್ನ ಹೈಡ್ರಾಕ್ಸಿಲ್ ಗುಂಪುಗಳ ದೆಸೆಯಿಂದ ಉಳಿದ ಎಣ್ಣೆಗಳಿಗಿಂತ ಬಹು ಕೆಳಗೆ ನಿಲ್ಲುತ್ತದೆ. ಅಯೋಡಿನ್ ಆವಿಯಲ್ಲಿಟ್ಟಾಗ ಕಾಣದ ಚುಕ್ಕೆಗಳು ಕಂದುಬಣ್ಣ ತಾಳಿ ಪ್ರಕಟವಾಗುತ್ತವೆ.

ಫಲಕವು ವರ್ಗವನ್ನು ಹೇಳುತ್ತದೆ. ಎಳ್ಳೋ ಅಗಸೆಯೋ ಎಂಬುದನ್ನು ಸಾಮಾನ್ಯವಾಗಿ ಹೇಳಲಾರದು. ಅದಕ್ಕೆ ಅನಿಲ ಕ್ರೊಮಟೋಗ್ರಫಿ ಬೇಕು. ಜೇಮ್ಸ್ ಮತ್ತು ಮಾರ್ಟಿನ್ 1952ರಲ್ಲಿ ಇದನ್ನು ಮೇದಾಮ್ಲಗಳ ಮೇಲೆಯೇ ಪ್ರಯೋಗಿಸಿ ತೋರಿಸಿದರು. ಈಗ ರೂಢಿಯಲ್ಲಿರುವ ಕ್ರಮದಲ್ಲಿ ಮೇದಾಮ್ಲಗಳನ್ನು ಮೀಥೈಲ್ ಎಸ್ಟರುಗಳಾಗಿ ಪರಿವರ್ತಿಸಿ, ಕಾದ ನಳಿಗೆಯ ಮೂಲಕ ಹೀಲಿಯಂನಂತಹ ಅನಿಲದೊಡನೆ ಸಾಗಿಸಲಾಗುತ್ತದೆ. ಚಿಕ್ಕ ಸರಪಣಿಯವು ಮೊದಲು, ದೊಡ್ಡವು ಅನಂತರ ಹೊರಬೀಳುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ; ಅಗಸೆಯಲ್ಲಿ ಅದೇ ಪ್ರಮಾಣದಲ್ಲಿ ಲಿನೋಲೆನಿಕ್ ಆಮ್ಲ.

ಹಳೆಯ ವಸ್ತುವಿನಲ್ಲಿ ತೊಡಕು ಬೇರೆ. ಲಿನೋಲೆನಿಕ್ ಆಮ್ಲವೇ ಮೊದಲು ನಾಶವಾಗುವುದರಿಂದ ಅದು ದೊರೆಯದಿದ್ದ ಮಾತ್ರಕ್ಕೆ ಅಗಸೆಯೆಣ್ಣೆಯಲ್ಲವೆಂದು ನಿರ್ಣಯಿಸುವಂತಿಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಜಾನ್ ಮಿಲ್ಸ್ 1966ರಲ್ಲಿ ಪ್ರಕಟಿಸಿದ ವರ್ಣಚಿತ್ರಗಳ ಅಧ್ಯಯನದಲ್ಲಿ, ಕೆಡದೆ ಉಳಿಯುವ ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳ ಅನುಪಾತವನ್ನು ಆಧಾರವಾಗಿ ಹಿಡಿದರು. ಅದು ಅಗಸೆಯಲ್ಲಿ ಒಂದರಿಂದ ಎರಡರೊಳಗೆ, ಅಕ್ರೋಟಿನಲ್ಲಿ ಮೂರರ ಆಸುಪಾಸು, ಗಸಗಸೆಯಲ್ಲಿ ಇನ್ನೂ ಹೆಚ್ಚು. ಎಣ್ಣೆಗಳು ಬೆರೆತಿದ್ದರೆ ಈ ಲೆಕ್ಕವೂ ಕೈಕೊಡುತ್ತದೆ.

ಇನ್ನೂ ಸೂಕ್ಷ್ಮವಾದುದು ಸ್ಟೆರಾಲಿನ ಪ್ರಶ್ನೆ. ಕೊಲೆಸ್ಟರಾಲ್ ಪ್ರಾಣಿಮೂಲದ್ದು, ಸಿಟೊಸ್ಟೆರಾಲ್ ಸಸ್ಯಮೂಲದ್ದು ಎಂಬುದು ಸ್ಥೂಲವಾಗಿ ನಿಜ. ಸಾಮಾನ್ಯ ಫಲಕದಲ್ಲಿ ಇವೆರಡೂ ಒಂದೇ ಚುಕ್ಕೆಯಾಗಿ ನಿಲ್ಲುತ್ತವೆ. ಆ ಚುಕ್ಕೆಯೊಂದನ್ನೇ ನಂಬಿ ಗರಿಗೆ ಪ್ರಾಣಿಜನ್ಯ ಕೊಬ್ಬನ್ನು ಸವರಿದ್ದರೆಂದು ಬರೆದುಬಿಟ್ಟರೆ ಅದು ಅವಸರದ ತೀರ್ಪು. ಅನಿಲ ಕ್ರೊಮಟೋಗ್ರಫಿಯಲ್ಲಿ ಕೊಲೆಸ್ಟರಾಲ್ ದೃಢಪಟ್ಟರೂ ಅದು ತುಪ್ಪದ್ದಿರಬಹುದು, ಇಲ್ಲವೆ ಗರಿಯನ್ನು ಮಗುಚಿ ಓದಿದವರ ಬೆರಳುಗಳದ್ದೇ ಇರಬಹುದು. ಜೊತೆಯಲ್ಲಿ ಸ್ಕ್ವಾಲೀನ್ ಕಂಡುಬಂದರೆ ಬೆರಳಿನ ಶಂಕೆ ಬಲವಾಗುತ್ತದೆ. ಮನುಷ್ಯನ ಚರ್ಮದ ಜಿಡ್ಡಿನಲ್ಲಿ ಅದು ಧಾರಾಳ. ಗರಿಗೂ ಸ್ವಂತ ಮೇಣ, ಸ್ವಂತ ಸ್ಟೆರಾಲ್‌ಗಳಿವೆ. ಆದಕಾರಣ ಮಾದರಿಯನ್ನು ಬರಿಗೈಯಿಂದ ಮುಟ್ಟದೆ, ಅಕ್ಷರವಿಲ್ಲದ ಅಂಚಿನಿಂದ ಚಿಮಟದಲ್ಲಿ ತೆಗೆದು, ಎಣ್ಣೆ ಕಾಣದ ಬರಿಯ ಓಲೆಯ ಚೂರೊಂದನ್ನೂ ಹೋಲಿಕೆಗಾಗಿ ಅದೇ ಕ್ರಮದಲ್ಲಿ ಪರೀಕ್ಷಿಸತಕ್ಕದ್ದು.