ಕೆಂಪಿಲ್ಲದ ರಕ್ತ, ಹೆಪ್ಪುಗಟ್ಟದ ಮೀನು

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಕೃಷ್ಣೆಯ ರೋಹು, ಕಾಟ್ಲಾ ಕೊಳ್ಳುವವರು ಮೊದಲು ಕಿವಿರಿನ ಮುಚ್ಚಳ ಎತ್ತಿ ನೋಡುತ್ತಾರೆ. ಒಳಗೆ ಕೆಂಪಗಿದ್ದರೆ ಮೀನು ತಾಜಾ. ಆ ಕೆಂಪು, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನದು. ಅಂಟಾರ್ಕ್ಟಿಕದ ಐಸ್‌ಫಿಶ್‌ಗೆ ಈ ಪರೀಕ್ಷೆ ನಡೆಯದು. ಆಗಷ್ಟೇ ಹಿಡಿದ ಮೀನಿನ ಕಿವಿರೂ ಬಿಳಿಚಿಕೊಂಡಿರುತ್ತದೆ, ರಕ್ತ ನೀರಿನಷ್ಟು ತಿಳಿ.

1927ರಲ್ಲಿ ಬೂವೆ ದ್ವೀಪದ ಬಳಿ ನಾರ್ವೆಯ ಡಿಟ್ಲೆಫ್ ರುಸ್ಟಾಡ್ ಇಂಥದೊಂದು ಮೀನನ್ನು ಕೊಯ್ದು ನೋಡಿ ಬೆರಗಾದರು. ಅದರಲ್ಲಿ ಕೆಂಪು ರಕ್ತಕಣಗಳೇ ಇಲ್ಲವೆಂದು 1954ರಲ್ಲಿ ಯೋಹಾನ್ ರೂಡ್ ಖಚಿತಪಡಿಸಿದರು.

ಅಂಟಾರ್ಕ್ಟಿಕದ ಮೀನುಗಳಿಗೆ ಮೊದಲ ಕಂಟಕ ಹಿಮ. ಉಪ್ಪುನೀರು ಹೆಪ್ಪುಗಟ್ಟುವುದು ಮೈನಸ್ 1.9 ಡಿಗ್ರಿಗೆ, ಸಾಮಾನ್ಯ ಮೀನಿನ ರಕ್ತವಾದರೋ ಮೈನಸ್ 0.7ರ ಹೊತ್ತಿಗೇ ಗಟ್ಟಿಯಾಗುತ್ತದೆ. ಹಾಗಿದ್ದೂ ಅವು ಬದುಕಿರುವುದು ಹೇಗೆ? ಮ್ಯಾಕ್‌ಮರ್ಡೊ ಕೊಲ್ಲಿಯ ಮೀನುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದ ಆರ್ಥರ್ ಡೆವ್ರೀಸ್ 1969ರಲ್ಲಿ ಉತ್ತರ ಕೊಟ್ಟರು. ರಕ್ತದಲ್ಲಿ ಸಕ್ಕರೆ ಅಂಟಿದ ಒಂದು ಪ್ರೋಟೀನ್ ಇದೆ. ಮೈಯೊಳಗೆ ಹೊಕ್ಕ ಹಿಮದ ಹರಳಿಗೆ ಅದು ಕಚ್ಚಿಕೊಂಡು, ಹರಳು ಬೆಳೆಯದಂತೆ ತಡೆಯುತ್ತದೆ.

ಈ ಪ್ರೋಟೀನ್ ಬಂದದ್ದೆಲ್ಲಿಂದ ಎಂಬುದೇ ನನಗೆ ಇಡೀ ಕಥೆಯಲ್ಲಿ ಅತ್ಯಂತ ಸೊಗಸಾದ ಭಾಗ. ಡೆವ್ರೀಸ್, ಕ್ರಿಸ್ಟಿನಾ ಚೆಂಗ್ ಮತ್ತು ಸಂಗಡಿಗರು 1997ರಲ್ಲಿ ಅದರ ಜೀನ್ ಬಿಡಿಸಿ ನೋಡಿದಾಗ, ಎರಡೂ ತುದಿಗಳಲ್ಲಿ ಜೀರ್ಣರಸದ ಜೀನಿನ ಗುರುತು ಸಿಕ್ಕಿತು. ಆಹಾರ ಕರಗಿಸುವ ಟ್ರಿಪ್ಸಿನ್‌ಗೆ ಮೂಲವಾದ ಆ ಜೀನಿನ ಒಂಬತ್ತೇ ಅಕ್ಷರಗಳ ತುಣುಕು ಮತ್ತೆ ಮತ್ತೆ ನಕಲಾಗಿ, ನೇಯ್ಗೆಯಲ್ಲಿ ಒಂದೇ ಎಳೆ ಮರುಕಳಿಸುವಂತೆ, ಹೊಸ ಪ್ರೋಟೀನ್ ಹುಟ್ಟಿತ್ತು. ದೂರದ ಉತ್ತರ ಧ್ರುವದ ಕಾಡ್ ಮೀನಿನಲ್ಲೂ ಹೆಚ್ಚುಕಡಿಮೆ ಇದೇ ಪ್ರೋಟೀನ್ ಇದೆ, ಆದರೆ ಅದು ಬಂದ ದಾರಿ ಬೇರೆ.

ಹಿಮೋಗ್ಲೋಬಿನ್ ಹೋದದ್ದು ಬೇರೆಯೇ ಸಂಗತಿ. ಐಸ್‌ಫಿಶ್‌ನ ಪೂರ್ವಜರಲ್ಲಿ ಅದರ ಜೀನ್ ಅಳಿಸಿಹೋಯಿತು. ಬೇರೆಡೆಯಾಗಿದ್ದರೆ ಆ ವಂಶ ಅಲ್ಲಿಗೇ ಮುಗಿಯುತ್ತಿತ್ತು. ತಣ್ಣೀರು ಕಾಪಾಡಿತು: ಸೊನ್ನೆ ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ 14.6 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. ಬೇಸಿಗೆಯಲ್ಲಿ 30 ಡಿಗ್ರಿಗೆ ಕಾದ ಹೊಳೆನೀರಿನಲ್ಲಿ ಸುಮಾರು 7.5 ಅಷ್ಟೇ. ಉಪ್ಪುನೀರಿನಲ್ಲಿ ಎರಡೂ ಸ್ವಲ್ಪ ಕಡಿಮೆ, ಆದರೆ ಲೆಕ್ಕ ಇದೇ. ಹಾಗಾಗಿ ರಕ್ತದ್ರವದಲ್ಲೇ ಕರಗಿದ ಆಮ್ಲಜನಕದಿಂದ ಆ ಮೀನು ಬದುಕುತ್ತಿದೆ. ಇದನ್ನು ಜಾಣ ಹೊಂದಾಣಿಕೆ ಎಂದು ಹೊಗಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅದು ನಷ್ಟವೇ. ಅದನ್ನು ತುಂಬಿಕೊಳ್ಳಲು ಹೃದಯ ದೊಡ್ಡದಾಗಬೇಕಾಯಿತು, ರಕ್ತದ ಪ್ರಮಾಣ ಇತರ ಮೀನುಗಳಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚಬೇಕಾಯಿತು.

ಈಗ ಅಂಟಾರ್ಕ್ಟಿಕ ಪರ್ಯಾಯದ್ವೀಪದ ಪಶ್ಚಿಮದ ಕಡಲು ಬಿಸಿಯಾಗುತ್ತಿದೆ. ನೀರು ಕಾದಷ್ಟೂ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಹೆಚ್ಚು. ಕೆಂಪು ರಕ್ತದ ನೆಂಟರಿಗಿಂತ ಐಸ್‌ಫಿಶ್‌ಗಳು ಬಿಸಿ ತಾಳುವುದು ಕಡಿಮೆಯೆಂದು ಪ್ರಯೋಗಗಳು ಈಗಾಗಲೇ ತೋರಿಸಿವೆ.